ಕೂಗುಮನೆಯ ಗುಮ್ಮಟ ಮತ್ತು ದೊಡ್ಡಪ್ಪನ ಒಂದು ಮಾತು

ನಮ್ಮ ದೊಡ್ಡಪ್ಪನ ಗಂಟಲು ಸಾರ್ವಜನಿಕ ಆಸ್ತಿ. ಸೇತುವೆ, ನೀರಿನ ತೊಟ್ಟಿ, ಗಡಿಯಾರದ ಕಂಬ ಇವುಗಳ ಸಾಲಿನಲ್ಲಿ ಅದನ್ನೂ ಬರೆದಿಡಬೇಕಿತ್ತು. ವರ್ತಕರ ವಿನಿಮಯ ಭವನದ ನಡುಗಲ್ಲಿನ ಮೇಲೆ ನಿಂತು ಅವರು ಸರಕಿನ ದರ ಕೂಗಿದರೆ ಹಿಂದಿನ ಬೀದಿಯ ತೊಟ್ಟಿಲಲ್ಲಿ ಮಲಗಿದ್ದ ಕೂಸು ಬೆಚ್ಚಿ ಅಳುತ್ತಿತ್ತು, ಮೆಣಸು ತುಟ್ಟಿಯೆಂದು ಅದರ ತಾಯಿಗೆ ತಿಳಿಯುತ್ತಿತ್ತು. ಬೆಳಗ್ಗೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅವರು ಬಾಯಿ ಮುಕ್ಕಳಿಸುವ ಸದ್ದು ಕೇಳಿದರೆ ಯಾವನೋ ಚಕ್ರವರ್ತಿಯ ಆನೆಪಡೆ ಹೊಳೆ ದಾಟುತ್ತಿದೆ ಅನ್ನಬೇಕು. ಒಳಗಿನಿಂದ ದೊಡ್ಡಮ್ಮ, "ಹೊಳೆ ದಾಟಿದ್ಮೇಲೆ ಆ ಚೊಂಬು ತೊಳೆದಿಡಿ" ಎನ್ನುತ್ತಿದ್ದರು.

ಭವನದ ಹೆಸರನ್ನು ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ್ದರೂ ಕತ್ತೆತ್ತಿ ಓದಿದವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಕೂಗುಮನೆ. ಅದು ಹುಟ್ಟುವ ಮೊದಲು ವರ್ತಕರು ಬಂದರಿನ ಉಗ್ರಾಣದ ಮೆಟ್ಟಿಲ ಮೇಲೆ, ಬಿಸಿಲಲ್ಲಿ, ಕೊಡೆ ಹಿಡಿದು ವ್ಯಾಪಾರ ಮಾಡುತ್ತಿದ್ದರಂತೆ. ಒಂದು ದಿನ ಒಬ್ಬ ಸಾಹುಕಾರರ ಕನ್ನಡಕ ಇನ್ನೊಬ್ಬರ ಕೊಡೆಕಡ್ಡಿಗೆ ಸಿಕ್ಕಿ ಸಮುದ್ರಕ್ಕೆ ಹಾರಿತು. ಮರುದಿನವೇ ಕಟ್ಟಡ ಬೇಕೆಂದು ನಿರ್ಣಯ. ಚರಿತ್ರೆಯ ಎಷ್ಟೋ ಮಹಾಸೌಧಗಳ ಅಡಿಪಾಯದಲ್ಲಿ ಇಂಥದೊಂದು ಕನ್ನಡಕ ಬಿದ್ದಿರುತ್ತದೆ.

ಎಣ್ಣೆ ವರ್ತಕರು ಹೆಬ್ಬಾಗಿಲು ತಮ್ಮ ಬೀದಿಯ ಕಡೆಗಿರಬೇಕೆಂದರು. ಬಟ್ಟೆ ವರ್ತಕರು ತಮ್ಮ ಬೀದಿಯ ಕಡೆಗೆಂದರು. ಯಾರೂ ಜಗ್ಗದೆ ಕೊನೆಗೆ ಎರಡು ಹೆಬ್ಬಾಗಿಲು ನಿಂತವು, ಹಿತ್ತಲ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಹೀಗಾಗಿ ಕೂಗುಮನೆಯ ಕಸವೂ ಕಮಾನಿನ ಕೆಳಗೆ, ಕಲ್ಲಿನ ಸಿಂಹಗಳ ನಡುವೆ, ರಾಜಮರ್ಯಾದೆಯಿಂದ ಹೊರಗೆ ಹೋಗುತ್ತಿತ್ತು. ಒಳಗೆ ಎಂಟು ಮೂಲೆಯ ಹಜಾರ, ಮೂಲೆಗೊಂದು ಎರಕದ ಕಬ್ಬಿಣದ ಕಂಬ. ಕಂಬಗಳು ಒಳಗೆ ಟೊಳ್ಳು. ಛಾವಣಿಯ ಮಳೆನೀರು ಅವುಗಳೊಳಗಿಂದಲೇ ಕೆಳಗಿಳಿಯುತ್ತಿತ್ತು. ಮಳೆಗಾಲದಲ್ಲಿ ಕಂಬಕ್ಕೆ ಒರಗಿ ನಿಂತ ವರ್ತಕನ ಕಿವಿಯ ಪಕ್ಕದಲ್ಲೇ ಒಂದು ತೊರೆ ಹರಿದುಹೋಗುತ್ತಿತ್ತು, ಅಂಗಿ ಮಾತ್ರ ನೆನೆಯುತ್ತಿರಲಿಲ್ಲ. ಮೇಲೆ ಸುತ್ತಲೂ ದುಂಡು ಕಿಟಕಿಗಳು. ಅವುಗಳಿಂದ ಬಿದ್ದ ಬಿಸಿಲಿನ ತಟ್ಟೆಗಳು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿದ್ದರೆ ಬೊಕ್ಕತಲೆಯ ಸಾಹುಕಾರರು ಅವಕ್ಕೆ ದಾರಿ ಬಿಡುತ್ತ ತಾವೂ ಸರಿಯುತ್ತಿದ್ದರು.

ಎಲ್ಲಕ್ಕಿಂತ ಮೇಲೆ ಗುಮ್ಮಟ. ಅದನ್ನು ಕಟ್ಟಿದ ಶಿಲ್ಪಿ ಅದಕ್ಕೆ ಮುಂಚೆ ಕಟ್ಟಿದ್ದೆಲ್ಲ ನೀರಿನ ಟ್ಯಾಂಕುಗಳು. ಮಹಾನುಭಾವ ಒಂದು ಟ್ಯಾಂಕನ್ನೇ ಬೋರಲು ಹಾಕಿ ಇದು ಗುಮ್ಮಟ ಎಂದ. ನೋಡಲು ಭವ್ಯವಾಗಿಯೇ ಇತ್ತು. ಆದರೆ ತುಂಬಿದ್ದನ್ನು ಹಿಡಿದಿಡುವುದು ಟ್ಯಾಂಕಿನ ಹುಟ್ಟುಗುಣವಲ್ಲವೇ? ಗುಮ್ಮಟ ಮಾತುಗಳನ್ನು ಹಿಡಿದಿಡತೊಡಗಿತು. ಕೆಳಗೆ ಆಡಿದ ಮಾತಿನ ತಲೆಯನ್ನು ನುಂಗಿ, ಬಾಲವನ್ನು ಮಾತ್ರ, ಒಂದು ಉಸಿರು ತಡವಾಗಿ, ಹಜಾರದ ಇನ್ನೊಂದು ಮೂಲೆಗೆ ಉಗಿಯುತ್ತಿತ್ತು.

ಅನಾಹುತ ನಡೆದದ್ದು ಒಂದು ಮಧ್ಯಾಹ್ನ. ಸೆಣಬು ಮಾರುವವನು ಒಂದು ಹಡಗಿನ ಪೂರ್ತಿ ಸರಕಿಗೆ ದರ ಹೇಳಿ, ಯಾರಾದರೂ ಒಪ್ಪುತ್ತಾರೋ ಎಂದು ಕಿವಿ ನೆಟ್ಟು ನಿಂತಿದ್ದ. ಆಚೆ ಮೂಲೆಯಲ್ಲಿ ಒಬ್ಬ ಗಾಜಿನ ವ್ಯಾಪಾರಿಯನ್ನು ಗೆಳೆಯ, "ಊಟ ಆಯ್ತಾ?" ಎಂದು ಕೇಳಿದ. ಅವನು ಹೊಟ್ಟೆ ಸವರಿಕೊಂಡು, "ಊಟ ಆಯ್ತು" ಎಂದ. ಗುಮ್ಮಟ ಆ "ಆಯ್ತು" ತೆಗೆದುಕೊಂಡು ಹೋಗಿ ಸೆಣಬಿನವನ ಕಿವಿಗೆ ಹಾಕಿತು. ಪಂಚಾಯ್ತಿ ಸೇರಿದ ಹಿರಿಯರು, ಮಾತು ಮೇಲಿಂದ ಬಂದದ್ದರಿಂದ ಅದಕ್ಕೆ ತೂಕ ಹೆಚ್ಚೆಂದು ತೀರ್ಪು ಕೊಟ್ಟರು. ಬೆಳಗ್ಗೆ ಗಾಜಿನ ವ್ಯಾಪಾರಿಯಾಗಿ ಮನೆ ಬಿಟ್ಟವನು ಊಟ ಮಾಡಿದ ತಪ್ಪಿಗೆ ಸಂಜೆ ಸೆಣಬಿನ ವ್ಯಾಪಾರಿಯಾಗಿ ಮನೆಗೆ ಬಂದ.

ಅವತ್ತಿನಿಂದ ಕಟ್ಟಳೆ. ಕೂಗುಮನೆಯೊಳಗೆ "ಆಯ್ತು" ಎಂಬ ಮಾತನ್ನು ಒಬ್ಬನೇ ಹೇಳಬೇಕು: ನಡುಗಲ್ಲಿನ ಮೇಲೆ ನಿಂತ ಕೂಗುಗಾರ. ಕೊಳ್ಳುವವನು ಕೈಯೆತ್ತಬೇಕು, ಮಾರುವವನು ತಲೆಯಾಡಿಸಬೇಕು, ಕೂಗುಗಾರ ಇಬ್ಬರನ್ನೂ ನೋಡಿ "ಆಯ್ತು!" ಎಂದರೆ ವ್ಯವಹಾರ ಮುಗಿದಂತೆ. ಆಮೇಲೆ ಅತ್ತರೂ ಇಲ್ಲ, ಕಾಲು ಹಿಡಿದರೂ ಇಲ್ಲ. ಉಳಿದವರೆಲ್ಲ ಆ ಮಾತನ್ನು ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು. ಕನ್ನಡದಲ್ಲಿ ಬಾಯಿ ತೆರೆದರೆ ಬೀಳುವ ಮಾತು ಅದು. ಪಾಪ, ವರ್ತಕರು ಪಟ್ಟ ಪಾಡು ಅಷ್ಟಿಷ್ಟಲ್ಲ. "ಹೊತ್ತಾಯ್ತು" ಅನ್ನುವಂತಿಲ್ಲ, "ಹೊತ್ತು ಮೀರಿತು" ಅನ್ನಬೇಕು. ಮಗಳ ಮದುವೆ "ನಡೆದುಹೋಗಿ", ಮೊಮ್ಮಗು "ಬಂದು", ಸಂತೋಷ "ಉಂಟಾಗಿ", ಇಡೀ ವರ್ತಕ ಸಮುದಾಯ ಪಂಡಿತರಂತೆ ಮಾತಾಡತೊಡಗಿತು.

ಈ ಸಿಂಹಾಸನಕ್ಕೆ ದೊಡ್ಡಪ್ಪ ಎಳೆಯ ವಯಸ್ಸಿನಲ್ಲೇ ಏರಿದರು. ಎದೆ ಪೀಪಾಯಿಯಂತಿತ್ತು, ಕಾಲು ಕಡ್ಡಿಯಂತಿತ್ತು; ದೇವರು ಸಾಮಾನೆಲ್ಲ ಮೇಲಂತಸ್ತಿಗೇ ಖರ್ಚು ಮಾಡಿದ್ದ. ಗದ್ದಲದ ನಡುವೆ ಕಂಬದ ಹಿಂದೆ ನಿಂತವನ ಎತ್ತಿದ ಬೆರಳು ಅವರಿಗೆ ಕಾಣುತ್ತಿತ್ತು. ಅವರು "ಆಯ್ತು" ಎಂದರೆ ಮೇಲಿನ ಗಾಜು ಸಣ್ಣಗೆ ಝಲ್ಲೆನ್ನುತ್ತಿತ್ತು.

ದೊಡ್ಡಮ್ಮ ಆಗ ಪಕ್ಕದ ಷೆಡ್ಡಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದ ಹುಡುಗಿ. ಪ್ರತಿ "ಆಯ್ತು"ವಿಗೂ ಬೆಚ್ಚಿ ದಬ್ಬಳ ಚುಚ್ಚಿಕೊಂಡು, ಒಂದು ದಿನ ರಕ್ತ ಸೋರುವ ಬೆರಳು ಹಿಡಿದು ಹೆಬ್ಬಾಗಿಲಿಗೇ ಬಂದರು.

"ಅದ್ಯಾರು ಒಳಗೆ ಅರಚೋದು?"

"ನಾನೇ," ಎಂದರು ದೊಡ್ಡಪ್ಪ.

"ನಿಮ್ಮ ಗಂಟ್ಲಿಗೆ ಒಂದು ಬಾಗಿಲಿಲ್ವಾ? ಇರೋದು ಎರಡು ಬಾಗಿಲು, ಎರಡೂ ಈ ಮನೆಗೇ ಇಟ್ಬಿಟ್ರಾ?"

ಅಷ್ಟು ದೊಡ್ಡ ಹಜಾರದಲ್ಲಿ ಯಾರಿಗೂ ಹೆದರದ ಮನುಷ್ಯ ತಮ್ಮ ಕರವಸ್ತ್ರ ಹರಿದು ಬೆರಳಿಗೆ ಸುತ್ತಿಕೊಟ್ಟರಂತೆ. ಮಾತು ಮುಂದುವರಿದು ಹಿರಿಯರು ಸೇರಿ, "ಹುಡುಗಿ ಒಪ್ಪಿಗೇನಪ್ಪ?" ಎಂದು ಕೇಳಿದಾಗ ದೊಡ್ಡಪ್ಪ ಬರೀ ತಲೆಯಾಡಿಸಿದರು. ಮತ್ತೆ ಕೇಳಿದರೆ ಮತ್ತೆ ತಲೆ. "ಷೆಡ್ಡಿನವರೆಗೂ ಕೇಳೋ ಬಾಯಿ, ಈಗ ಮೂಗನಾ?" ಎಂದರು ದೊಡ್ಡಮ್ಮ, ಅಲ್ಲೇ, ಎಲ್ಲರೆದುರು.

ಮೂಗರೇನಲ್ಲ. ಆ ಮಾತು ತಮ್ಮದಲ್ಲ, ಭವನದ್ದು ಎಂದು ಅವರ ನಂಬಿಕೆ. ಕಚೇರಿಯ ಮೊಹರನ್ನು ಮನೆಗೆ ತಂದು ಹಾಲಿನ ಚೀಟಿಗೆ ಒತ್ತುತ್ತಾರೆಯೇ? ಹಾಗಾಗಿ ಮನೆಯಲ್ಲಿ ಅವರು ಯಾವತ್ತೂ "ಆಯ್ತು" ಅಂದವರಲ್ಲ. ಊಟ "ಮುಗೀತು", ಸ್ನಾನ "ಇಳೀತು". ಉಳಿದದ್ದಕ್ಕೆಲ್ಲ "ನೋಡೋಣ". ಗೋಡೆಗೆ ಸುಣ್ಣ ಬಳಿಸೋಣವೇ? ನೋಡೋಣ. ಮಗಳನ್ನು ಕನ್ನಡಕದ ಅಂಗಡಿಯ ಕೆಲಸಕ್ಕೆ ಕಳಿಸೋಣವೇ? ನೋಡೋಣ. ಅಷ್ಟರಲ್ಲಿ ದೊಡ್ಡಮ್ಮ ಸುಣ್ಣವನ್ನೂ ಬಳಿಸಿ ಮಗಳನ್ನೂ ಕಳಿಸಿರುತ್ತಿದ್ದರು. "ಈ ಮನೇಲಿ ನೋಡೋರು ಅವರು, ಮಾಡೋಳು ನಾನು" ಎಂಬುದು ಅವರ ಸಂಸಾರದ ಸಂವಿಧಾನ.

ಮುಂದೆ ವ್ಯಾಪಾರವೆಲ್ಲ ಟೆಲಿಫೋನಿಗೆ, ಆಮೇಲೆ ಪರದೆಗೆ ಹೋಯಿತು. ಹಜಾರದಲ್ಲಿ ಜನ ತೆಳುವಾಗುತ್ತ ಬಂದು ಒಂದು ದಿನ ಎರಡು ಹೆಬ್ಬಾಗಿಲಿಗೂ ಬೀಗ ಬಿತ್ತು. ರಾಜ್ಯ ಹೋದರೂ ದೊಡ್ಡಪ್ಪ ಕಿರೀಟ ಕಳಚಲಿಲ್ಲ. ಉಪ್ಪುನೀರು ಮುಕ್ಕಳಿಸುವುದು ಹಾಗೇ ನಡೆಯಿತು, "ನೋಡೋಣ"ವೂ ಹಾಗೇ.

ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ತಿಳಿದಾಗ ಅದು ಆಗಲೇ ಮೈಯೊಳಗೆಲ್ಲ ಊರು ಸುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಸುತ್ತು ಚಿಕಿತ್ಸೆ ಮುಗಿದು ಕೂದಲು, ಬಣ್ಣ, ಮೈ ಎಲ್ಲ ಇಳಿದವು, ನಾಲಿಗೆ ಇಳಿಯಲಿಲ್ಲ. ಇನ್ನೊಂದು ಸುತ್ತು ಕೊಟ್ಟರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು ಎಂದರು ಡಾಕ್ಟರು. ದೊಡ್ಡಪ್ಪ ಅದನ್ನು ಹಜಾರದಲ್ಲಿ ಕೇಳಿದ ಮೊದಲ ದರದಂತೆ ಕೇಳಿಸಿಕೊಂಡರು. ಮೊದಲ ದರಕ್ಕೆ ಯಾರು ಒಪ್ಪುತ್ತಾರೆ? ಇನ್ನೊಬ್ಬ ಡಾಕ್ಟರ ಬಳಿ ಹೋದರು, ಮತ್ತೊಬ್ಬರ ಬಳಿ ಹೋದರು. ಎಲ್ಲರೂ ಮಾತಾಡಿಕೊಂಡವರಂತೆ ಅದೇ ದರ ಹೇಳಿದರು.

ಹಾಗೆ ಅಲೆದು ಬಂದ ಒಂದು ಸಂಜೆ ದೊಡ್ಡಮ್ಮ ಹಾಸಿಗೆಯ ಅಂಚನ್ನು ತಟ್ಟಿದರು.

"ಕೂತ್ಕೊಳ್ಳಿ. ಮನೆಗೆ ಹೋಗೋಣ."

"ನೋಡೋಣ."

"ಏನು ನೋಡ್ತೀರಿ? ನೋಡೋಕೆ ಇನ್ನೇನು ಉಳ್ಸಿದಾರೆ ಇವರು? ಕೈಗೆ ಸಿಕ್ಸಿರೋ ಈ ನಳಿಗೆ ಸಾಕು, ಈ ವಾಸನೆ ಸಾಕು. ನಮ್ಮನೆ ಕಿಟಕಿ ಪಕ್ಕ ಮಲಗಿ, ಎದುರುಮನೆಯವಳು ಬಟ್ಟೆ ಹಿಂಡದೆ ಒಣಗಾಕೋದನ್ನ ಬೈಕೊಂಡು ಸಾಯ್ತೀನಿ."

"ಸಾಯೋ ಮಾತು ಬೇಡ."

"ಬೇಡ ಅಂದ್ರೆ ಅದೂ ನಿಮ್ಮ ಥರ ನೋಡೋಣ ಅಂತ ಕೂತಿರುತ್ತಾ?" ಎಂದು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಕೇಳಿ. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ. ನೋವು ಜೋರಾದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ನಾನೇ ಕಿರುಚ್ತೀನಿ. ಆಗ ನೀವು ಕೇಳ್ಬಾರ್ದು. ಇಲ್ಲಿಗೆ ವಾಪಸ್ ತರ್ಬಾರ್ದು."

"ಇದೆಂಥಾ ಮಾತೇ?"

"ಮಗಳ ಹತ್ರ ಕೇಳ್ಬಹುದಿತ್ತು. ಅವಳು ಅತ್ಕೊಂಡು ಹೂಂ ಅಂತಾಳೆ, ಆಮೇಲೆ ಅತ್ಕೊಂಡೇ ಇಲ್ಲಿಗೆ ತಂದ್ಹಾಕ್ತಾಳೆ. ಹೇಳಿದ್ದನ್ನ ಹಿಂದಕ್ಕೆ ತಗೊಳ್ದೆ ಇರೋ ಬಾಯಿ ನಾನು ಕಂಡಿದ್ದು ಇದೊಂದೇ. ಇಷ್ಟು ವರ್ಷ ಅದಕ್ಕೆ ಅನ್ನ ಹಾಕಿದೀನಿ. ಹೇಳಿ ಈಗ. ಆ ಮಾತು ಹೇಳಿ."

ದೊಡ್ಡಪ್ಪ ನೆಲ ನೋಡಿದರು, ಛಾವಣಿ ನೋಡಿದರು, ತೊಟ್ಟಿಕ್ಕುತ್ತಿದ್ದ ಬಾಟಲಿ ನೋಡಿದರು. ಎಲ್ಲೂ ಇನ್ನೊಂದು ದರ ಸಿಗಲಿಲ್ಲ. ಎದ್ದು ನಿಂತರು. ಅವರ ಬಳಿ ಆ ಮಾತಿನ ಸಣ್ಣ ಸೈಜು ಇರಲೇ ಇಲ್ಲ. "ಆಯ್ತು!" ಎಂದರು.

ವಾರ್ಡಿನ ಕಿಟಕಿಗಳು ಝಲ್ಲೆಂದವು. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದವನೊಬ್ಬ ಎದ್ದು ಕೂತ. ನರ್ಸಮ್ಮ ಟ್ರೇ ಹಿಡಿದು ಓಡಿಬಂದು, "ಏನಾಯ್ತು? ಯಾರಿಗೇನಾಯ್ತು?" ಎಂದರು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು, ನೋವಿಗೂ ನಗುವಿಗೂ ಜಾಗ ಸಾಲದೆ, "ಏನಿಲ್ಲ ಸಿಸ್ಟರ್, ವ್ಯಾಪಾರ ಕುದುರ್ತು" ಎಂದರು.

ಮನೆಗೆ ಬಂದ ಮೇಲಿನ ದಿನಗಳು ಚೆನ್ನಾಗಿದ್ದವು. ಕಿಟಕಿಯ ಪಕ್ಕ ಮಂಚ, ಮಂಚದ ಪಕ್ಕ ಮಗಳು, ಬಾಗಿಲಲ್ಲಿ ದ್ವಾರಪಾಲಕನಂತೆ ದೊಡ್ಡಪ್ಪ. ಎದುರುಮನೆಯ ಬಟ್ಟೆಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಬೈಗುಳ ಸಂದವು. ಸಾಮ್ರಾಜ್ಯವನ್ನೇ ಆಳಿದ ಕೈ ಗಂಜಿ ಕಲಕುವುದನ್ನು ಕಲಿಯಿತು. ಗಂಜಿ ಗಂಟುಗಂಟಾಗಿ ಬಂದಾಗ, "ಇದನ್ನ ಗೋಣಿಚೀಲಕ್ಕೆ ತುಂಬಿ, ಹೊಲ್ದು ಕೊಡ್ತೀನಿ" ಎಂದು ದೊಡ್ಡಮ್ಮ ನಗಿಸಿದರು. ಮಗಳು ಮಾತ್ರ ಅಡುಗೆಮನೆಯಲ್ಲಿ ಅಪ್ಪನನ್ನು ನಿಲ್ಲಿಸಿ ಕೇಳಿದಳು.

"ನಿಜವಾಗ್ಲೂ ಹಾಗೆ ಕೇಳಿದ್ಲಾ? ಏನೇ ಆದ್ರೂ ಕರ್ಕೊಂಡು ಹೋಗ್ಬೇಡಿ ಅಂತ?"

"ಕೇಳಿದ್ಲು. ನಾನು ಹೇಳೂ ಬಿಟ್ಟಿದೀನಿ."

"ಆ ಮಾತೇ ಹೇಳಿದ್ಯಾ?"

"ಅದನ್ನೇ."

ಮಗಳು ಒಲೆಯತ್ತ ತಿರುಗಿ ಗಂಜಿಯ ಪಾತ್ರೆ ಇಳಿಸಿದಳು. ಆ ಮನೆಯಲ್ಲಿ ಬೆಳೆದವಳಿಗೆ ಅದರ ಮೇಲೆ ಕೇಳುವುದು ಏನೂ ಉಳಿದಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ನೋವು ಬಂತು. ಅಲ್ಲಿಯವರೆಗೆ ಬರುತ್ತಿದ್ದದ್ದು ಅದರ ಕಡೆಯ ಆಳುಗಳು, ಅವತ್ತು ಬಂದದ್ದು ಧಣಿ. ಮಾತ್ರೆ ಕೊಟ್ಟರು, ವಾಂತಿಯಲ್ಲಿ ಹೋಯಿತು. ಇನ್ನೊಂದು ಕೊಟ್ಟರು, ಅದೂ ಹೋಯಿತು. ದೊಡ್ಡಮ್ಮ ಮಂಚದ ಪಟ್ಟಿಯನ್ನು ಹಿಡಿದಿದ್ದ ಕೈಯನ್ನು ಬಿಟ್ಟು ದೊಡ್ಡಪ್ಪನ ಮಣಿಕಟ್ಟು ಹಿಡಿದರು.

"ಕರ್ಕೊಂಡು ಹೋಗಿ."

"ನೀನೇ ಬೇಡ ಅಂದಿದ್ಯಲ್ಲೇ."

"ಅಂದಿದ್ದೆ. ಈಗ ಹೇಳ್ತಿದೀನಿ, ಕರ್ಕೊಂಡು ಹೋಗಿ. ಸೂಜಿ ಹಾಕ್ಸಿ."

"ನಾನು ಮಾತು ಕೊಟ್ಟಿದೀನಿ. ನೀನೇ ಕೇಳಿ ಇಸ್ಕೊಂಡಿದ್ದು."

"ನಿಮ್ಮ ಮಾತು ಸುಡ್ಲಿ! ನಾನು ಸಾಯ್ತಿದೀನಿ ಇಲ್ಲಿ, ಮಾತಂತೆ ಮಾತು!"

ದೊಡ್ಡಪ್ಪ ಕೈ ಬಿಡಿಸಿಕೊಂಡು ಬಾಗಿಲವರೆಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಯಾವ ದೊಡ್ಡಮ್ಮನ ಮಾತು ಕೇಳಬೇಕು? ಆಸ್ಪತ್ರೆಯಲ್ಲಿ ಬುದ್ಧಿ ನೆಟ್ಟಗಿದ್ದಾಗ ಕೇಳಿದವಳದೋ, ಇಲ್ಲಿ ಬೆರಳು ಕಚ್ಚಿಕೊಂಡು ಕೇಳುತ್ತಿರುವವಳದೋ? ಅವಳು ಇವಳನ್ನು ನಂಬಬೇಡಿ ಎಂದಿದ್ದಳು. ಇವಳು, ಅವಳು ಪಡೆದ ಮಾತೇ ಸುಡಲಿ ಎನ್ನುತ್ತಿದ್ದಳು. ದೊಡ್ಡಪ್ಪ ತಡೆದುಕೊಂಡರು. ಕಿವಿ ಮುಚ್ಚಿಕೊಳ್ಳದೆ, ಅಲ್ಲೇ ನಿಂತು, ಗೋಡೆಗೆ ಹಣೆಯಿಟ್ಟು ತಡೆದುಕೊಂಡರು. ಕೂಗು ಬೀದಿಗೆ ಕೇಳಿ ಎದುರುಮನೆಯವಳು ಒದ್ದೆ ಕೈಯಲ್ಲೇ ಓಡಿಬಂದಳು. ಆ ಮನೆಯಲ್ಲಿ ಕೂಗುವ ಕೆಲಸ ಅವತ್ತು ದೊಡ್ಡಮ್ಮನ ಪಾಲಿಗೆ ಬಂದಿತ್ತು.

ಕೊನೆಗೆ ಕೂಗು ಸಣ್ಣದಾಗಿ, ಬರೀ "ರೀ... ರೀ..." ಎಂದು ಉಳಿಯಿತು. ಅಷ್ಟು ಹೊತ್ತು ಕೂಗನ್ನು ತಡೆದುಕೊಂಡ ಮನುಷ್ಯ ಈ ಸಣ್ಣ ದನಿಗೆ ಕುಸಿದರು.

"ಗಾಡಿ ಕರೆಸು," ಎಂದರು ಮಗಳಿಗೆ.

"ಅಪ್ಪ, ನೀನು ಅವಳಿಗೆ..."

"ನಾನು ಯಾರಿಗೂ ಏನೂ ಹೇಳಿಲ್ಲ. ಕರೆಸು ಅಂದ್ನಲ್ಲ!"

ವರ್ತಕರ ಸಮಸ್ತ ಇತಿಹಾಸದಲ್ಲಿ ಹಿಂದಕ್ಕೆ ಪಡೆದ "ಆಯ್ತು" ಅದೊಂದೇ. ಅದೂ ಹೀಗೆ, ಹೇಳಿಯೇ ಇಲ್ಲವೆಂಬ ಸುಳ್ಳಿನ ಜೊತೆ. ಗಾಡಿಯ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಡ್ರೈವರನಿಗೆ "ಮೆಲ್ಲಗೆ ಮಾರಾಯ, ಮೆಲ್ಲಗೆ" ಎನ್ನುತ್ತ ಹೋದರು. ಆ ದನಿ ಮುಂದಿನ ಸೀಟಿನವರೆಗೂ ಮುಟ್ಟುತ್ತಿರಲಿಲ್ಲ; ಡ್ರೈವರ್ ಎರಡು ಸಲ "ಏನಂದ್ರಿ?" ಎಂದು ತಿರುಗಿ ಕೇಳಿದ.

ಅದೇ ವಾರ್ಡು, ಬೇರೆ ಹಾಸಿಗೆ. ಸೂಜಿ ಹಾಕಿದರು, ನಳಿಗೆ ಸಿಕ್ಕಿಸಿದರು. ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡು ದೊಡ್ಡಮ್ಮ ನಿದ್ದೆಹೋದರು. ಮಾರನೆಯ ದಿನವೂ ನಿದ್ದೆ. ಸಂಜೆಯ ಹೊತ್ತಿಗೆ ಒಮ್ಮೆ ಕಣ್ಣು ಬಿಟ್ಟರು. ಮೊದಲು ಛಾವಣಿ ನೋಡಿದರು, ಆಮೇಲೆ ಕೈಯ ನಳಿಗೆ, ಆಮೇಲೆ ದೊಡ್ಡಪ್ಪನನ್ನು. ತುಟಿ ಅಲುಗಿತು. ದೊಡ್ಡಪ್ಪ ಬಗ್ಗಿ ಕಿವಿ ತಂದರು. ಪಕ್ಕದಲ್ಲಿ ಯಾರೋ ಕಿರ್ರೆಂದು ಸ್ಟೂಲು ಎಳೆದರು. ಕಿವಿಯನ್ನು ಇನ್ನೂ ಹತ್ತಿರ ತರುವಷ್ಟರಲ್ಲಿ ಕಣ್ಣು ಮುಚ್ಚಿತ್ತು. ಮತ್ತೆ ತೆರೆಯಲಿಲ್ಲ. ಮರುದಿನ ಬೆಳಗ್ಗೆ, ಅವರು ಬೇಡವೆಂದ ನಳಿಗೆಯ ಜೊತೆಗೆ, ಬೇಡವೆಂದ ವಾಸನೆಯ ನಡುವೆ, ದೊಡ್ಡಮ್ಮ ಹೋದರು.

ನೆಂಟರು ಬಂದರು. ಕರೆದೊಯ್ದದ್ದು ಪುಣ್ಯದ ಕೆಲಸ ಎಂದರು ಒಬ್ಬ ಅತ್ತೆ. ಮೊದಲೇ ಆಸ್ಪತ್ರೆ ಬಿಡಿಸಿ ತಂದದ್ದೇ ತಪ್ಪು ಎಂದರು ಭಾವ. ದೊಡ್ಡಪ್ಪ ಇಬ್ಬರಿಗೂ ತಲೆಯಾಡಿಸಿದರು. ಚಹಾ ಕುಡಿದು ಎಲ್ಲರೂ ಹೋದ ಮೇಲೆ ತಾರಸಿಗೆ ಹತ್ತಿ, ಮಗಳು ಒಗೆದ ಹೊದಿಕೆಗಳನ್ನು ಹಗ್ಗದ ಮೇಲೆ ಹರಡುವುದನ್ನು ನೋಡುತ್ತ ಕಟ್ಟೆಯ ಮೇಲೆ ಕೂತರು.

"ಕೊನೆಗೆ ನಿದ್ದೆ ಮಾಡಿದ್ಲಲ್ಲಪ್ಪ," ಎಂದಳು ಮಗಳು. "ಎಷ್ಟು ದಿನ ಆಗಿತ್ತು ಹಾಗೆ ಮಲಗಿ."

"ಮಾಡಿದ್ಲು."

"ಅವಳೇ ತಾನೆ ಕರ್ಕೊಂಡು ಹೋಗಿ ಅಂದಿದ್ದು."

"ಕರ್ಕೊಂಡು ಹೋಗ್ಬೇಡಿ ಅಂದಿದ್ದೂ ಅವಳೇ." ದೊಡ್ಡಪ್ಪ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಕಣ್ಣು ಬಿಟ್ಟಾಗ ಏನೋ ಹೇಳಿದ್ಲು. ಬೈದ್ಲೋ, ಒಳ್ಳೇದ್ ಮಾಡಿದ್ರಿ ಅಂದ್ಲೋ. ನಂಗೆ ಕೇಳಿಸ್ಲಿಲ್ಲ ಕಣೇ."

ಮಗಳಿಗೂ ಗೊತ್ತಿರಲಿಲ್ಲ, ಆಗ ಅವಳು ಔಷಧಿ ತರಲು ಕೆಳಗಿಳಿದಿದ್ದಳು. ಹೊದಿಕೆಯ ಅಂಚನ್ನು ಜಗ್ಗಿ ಸರಿಮಾಡಿದಳು.

"ಬೈದಿರ್ತಾಳೆ," ಎಂದಳು. "ನಿನ್ನ ಮುಖ ನೋಡಿದ ತಕ್ಷಣ ಇನ್ನೇನ್ ಮಾಡ್ತಿದ್ಲು?"

ದೊಡ್ಡಪ್ಪ ನಗಲು ಹೋದರು. ಹೊರಟ ಸದ್ದು ನಗುವಿನದಾಗಿರಲಿಲ್ಲ. ಮಗಳು ಉಳಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಬಂದು, ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತಳು.